ಸೌದೆ ಉಳಿಸಲು ಹೋಗಿ ಸಿಕ್ಕ ಮೊದಲ ಸರದಿ

ನಮ್ಮಲ್ಲಿ ಟಿಕೆಟ್ ಯಾರಿಗೆ ಅಂದರೆ ಎಲ್ಲರೂ ದಿಲ್ಲಿಯ ಕಡೆ ಕತ್ತೆತ್ತುತ್ತಾರೆ. ಹೈಕಮಾಂಡ್ ಒಲಿದರೆ ಬಿ ಫಾರಂ, ಮುನಿದರೆ ಬಂಡಾಯ. ಅಮೆರಿಕದಲ್ಲಿ ಅಧ್ಯಕ್ಷ ಹುದ್ದೆಯ ಟಿಕೆಟ್ಟಿಗೂ ರಾಜ್ಯ ರಾಜ್ಯ ಸುತ್ತಿ ಜನರ ಹತ್ತಿರವೇ ಮತ ಕೇಳಬೇಕು. ಇದೇ ಪ್ರೈಮರಿ. ಆ ಸಾಲಿನಲ್ಲಿ ದಶಕಗಳಿಂದ ಮುಂದೆ ನಿಂತಿರುವುದು ನ್ಯೂ ಹ್ಯಾಂಪ್‌ಶೈರ್ ಎಂಬ ಪುಟ್ಟ ರಾಜ್ಯ. ಜನಸಂಖ್ಯೆ ಸುಮಾರು 14 ಲಕ್ಷ. ನಮ್ಮ ಹಾಸನ ಜಿಲ್ಲೆಯಲ್ಲೇ ಅದಕ್ಕಿಂತ ಹೆಚ್ಚು ಜನ ಇದ್ದಾರೆ.

ಇಷ್ಟು ಚಿಕ್ಕ ರಾಜ್ಯಕ್ಕೆ ಮೊದಲ ಸರದಿ ಸಿಕ್ಕಿದ್ದು ಹೋರಾಟದಿಂದಲ್ಲ, ಜಿಪುಣತನದಿಂದ. 1913ರಲ್ಲಿ ಪ್ರೈಮರಿ ಕಾನೂನು ಮಾಡಿದಾಗ ಮತದಾನಕ್ಕೆ ಗೊತ್ತುಮಾಡಿದ್ದು ಮೇ ತಿಂಗಳು. ಆದರೆ ಅಲ್ಲಿನ ಊರುಗಳಲ್ಲಿ ಮಾರ್ಚ್ ಎರಡನೇ ಮಂಗಳವಾರ ಹೇಗೂ ಊರಸಭೆ ನಡೆಯುತ್ತಿತ್ತು. ರಸ್ತೆ ದುರಸ್ತಿ, ತೆರಿಗೆ ಎಲ್ಲ ಅಲ್ಲೇ ತೀರ್ಮಾನ, ಹೆಚ್ಚುಕಡಿಮೆ ನಮ್ಮ ಗ್ರಾಮಸಭೆಯ ಹಾಗೆ. ಮಾರ್ಚ್ ಎಂದರೆ ಅಲ್ಲಿ ಇನ್ನೂ ಚಳಿ. ಸಭಾಭವನವನ್ನು ಒಮ್ಮೆ ಬೆಚ್ಚಗೆ ಮಾಡಿದ ಮೇಲೆ ಎರಡೂ ಕೆಲಸ ಮುಗಿಸಿಬಿಡೋಣ, ಮತ್ತೊಮ್ಮೆ ಸೌದೆ ಯಾಕೆ ಸುಡಬೇಕು ಎಂದುಕೊಂಡರು ಅನ್ನುವುದು ಅಲ್ಲಿಯವರು ಈಗಲೂ ನಗುತ್ತಾ ಹೇಳುವ ಕಥೆ. 1916ರಲ್ಲಿ ಇಂಡಿಯಾನಾ ಒಂದು ವಾರ ಮುಂಚೆಯೇ ಮತ ಹಾಕಿತ್ತು. 1920ರ ಹೊತ್ತಿಗೆ ಅದು ಹಿಂದೆ ಸರಿಯಿತು, ನ್ಯೂ ಹ್ಯಾಂಪ್‌ಶೈರ್ ತಾನಾಗಿಯೇ ಮೊದಲಾಯಿತು.

ಆಗ ಅದನ್ನು ಯಾರೂ ಅಷ್ಟಾಗಿ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಜನ ಆರಿಸುತ್ತಿದ್ದುದು, ಅಭ್ಯರ್ಥಿಯನ್ನು ಗೊತ್ತುಮಾಡುವ ಪಕ್ಷದ ಮಹಾಧಿವೇಶನಕ್ಕೆ ಹೋಗುವ ಪ್ರತಿನಿಧಿಗಳನ್ನು. ಊರ ಗಣ್ಯರ ಹೆಸರು ನೋಡಿ ಮತ ಹಾಕಿ ಮನೆಗೆ ಹೋಗುತ್ತಿದ್ದರು. 1949ರ ತಿದ್ದುಪಡಿ ಅಧ್ಯಕ್ಷ ಹುದ್ದೆಯ ಆಕಾಂಕ್ಷಿಗಳ ಹೆಸರನ್ನೇ ಮತಪತ್ರದಲ್ಲಿ ಅಚ್ಚುಹಾಕಿಸಿತು. ಆಟ ಬದಲಾದದ್ದು ಅಲ್ಲಿಂದ.

1952. ಪ್ರೈಮರಿ ಅನ್ನುವುದೇ ಬರೀ ಕಣ್ಣೊರೆಸುವ ತಂತ್ರ ಎಂದು ಅಧ್ಯಕ್ಷ ಟ್ರೂಮನ್ ಆಡಿಕೊಂಡಿದ್ದರು. ಮಾರ್ಚ್ 11ರಂದು ಅವರದೇ ಡೆಮಾಕ್ರಟಿಕ್ ಪಕ್ಷದ ಸೆನೆಟರ್ ಎಸ್ಟಿಸ್ ಕೆಫಾವರ್ ಇಲ್ಲಿ ಟ್ರೂಮನ್ನರನ್ನೇ ಸೋಲಿಸಿದರು. ತಿಂಗಳು ಮುಗಿಯುವ ಮೊದಲೇ, ತಾನು ಮತ್ತೆ ಸ್ಪರ್ಧಿಸುವುದಿಲ್ಲ ಎಂದರು ಟ್ರೂಮನ್. ಅತ್ತ ರಿಪಬ್ಲಿಕನ್ನರಲ್ಲಿ ಐಸೆನ್‌ಹೋವರ್ ಯುರೋಪಿನಲ್ಲಿ ಸೇನೆಯ ಕೆಲಸದಲ್ಲಿದ್ದುಕೊಂಡೇ, ರಾಜ್ಯಕ್ಕೆ ಕಾಲಿಡದೆ ಗೆದ್ದರು.

1968ರದ್ದು ಇನ್ನೂ ವಿಚಿತ್ರ. ವಿಯೆಟ್ನಾಂ ಯುದ್ಧ ವಿರೋಧಿ ಯೂಜೀನ್ ಮೆಕಾರ್ಥಿಗೆ ಬಿದ್ದದ್ದು ಶೇ. 42ರಷ್ಟು ಮತ. ಅಧ್ಯಕ್ಷ ಜಾನ್ಸನ್ ಹೆಸರು ಮತಪತ್ರದಲ್ಲೇ ಇರಲಿಲ್ಲ; ಬೆಂಬಲಿಗರು ಕೈಯಲ್ಲಿ ಬರೆದು ಹಾಕಿ ಅವರಿಗೆ ಶೇ. 49 ದಾಟಿಸಿದರು. ಅಂದರೆ ಗೆದ್ದವರು ಜಾನ್ಸನ್. ಆದರೆ ಸೋತವರ ಹಾಗೆ ಕಂಡವರೂ ಅವರೇ. ಮಾರ್ಚ್ 31ಕ್ಕೆ ಕಣದಿಂದ ಹಿಂದೆ ಸರಿದರು. ಇಲ್ಲಿ ಸಿಗುವ ಪ್ರತಿನಿಧಿಗಳು ಬೆರಳೆಣಿಕೆಯಷ್ಟು. ಎಣಿಸುವುದು ಅದನ್ನಲ್ಲ, ಮರುದಿನದ ಪತ್ರಿಕೆಯ ತಲೆಬರಹವನ್ನು.

ಬಾಯಿಗೆ ಬಂದ ತುತ್ತನ್ನು ಯಾರು ಬಿಡುತ್ತಾರೆ? ಬೇರೆ ರಾಜ್ಯಗಳು ತಮ್ಮ ದಿನಾಂಕವನ್ನು ಇನ್ನೂ ಮುಂಚೆಗೆ ಎಳೆದುಕೊಳ್ಳಲು ನೋಡಿದಾಗ, 1975ರಲ್ಲಿ ಕಾನೂನನ್ನೇ ಬಿಗಿ ಮಾಡಿಕೊಂಡರು: ಇಂಥ ಚುನಾವಣೆ ಎಲ್ಲೇ ನಡೆಯಲಿ, ನಮ್ಮದು ಅದಕ್ಕಿಂತ ಮುಂಚೆ. ದಿನಾಂಕ ಗೊತ್ತುಮಾಡುವ ಅಧಿಕಾರ ರಾಜ್ಯದ ಸೆಕ್ರೆಟರಿ ಆಫ್ ಸ್ಟೇಟ್, ಅಂದರೆ ಚುನಾವಣೆ ನೋಡಿಕೊಳ್ಳುವ ಅಧಿಕಾರಿಯ ಕೈಗೆ ಬಂತು. ಬಿಲ್ ಗಾರ್ಡ್ನರ್ ಎಂಬವರು 1976ರಿಂದ 2022ರವರೆಗೆ ಆ ಕುರ್ಚಿಯಲ್ಲಿದ್ದು ಮೊದಲ ಸ್ಥಾನವನ್ನು ಕಾದರು. ಎದುರಾಳಿಗಳು ಒಂದು ಹೆಜ್ಜೆ ಮುಂದಿಟ್ಟರೆ ಇವರು ಎರಡು. ಮಾರ್ಚ್ ಫೆಬ್ರುವರಿಯಾಯಿತು, 2008ಕ್ಕೆ ಜನವರಿ 8. ಊರಸಭೆಯ ನಂಟು ಎಂದೋ ಕಡಿದುಹೋಗಿತ್ತು.

ಇದೇ ರಾಜ್ಯದ ಗುಡ್ಡಗಾಡಿನ ಪುಟ್ಟ ಊರು ಡಿಕ್ಸ್‌ವಿಲ್ ನಾಚ್‌ನಲ್ಲಿ 1960ರಿಂದಲೂ ನಡುರಾತ್ರಿ ಹನ್ನೆರಡಕ್ಕೇ ಮತದಾನ. ಪಟ್ಟಿಯಲ್ಲಿದ್ದವರೆಲ್ಲ ಹಾಕಿ ಮುಗಿಸಿದರೆ ಮತಗಟ್ಟೆ ಮುಚ್ಚಿ ಎಣಿಸಬಹುದು. 2024ರಲ್ಲಿ ಅಲ್ಲಿದ್ದ ಮತದಾರರು 6 ಮಂದಿ, ಆರೂ ಮತ ರಿಪಬ್ಲಿಕನ್ ಟಿಕೆಟ್ಟಿಗೆ ಟ್ರಂಪ್ ಎದುರು ನಿಂತಿದ್ದ ನಿಕ್ಕಿ ಹೇಲಿಗೆ. ರಾಜ್ಯವನ್ನು ಗೆದ್ದದ್ದು ಟ್ರಂಪ್. ಆದರೂ ಟಿವಿಯವರಿಗೆ ಅಷ್ಟು ಹೊತ್ತಿನ ಸುದ್ದಿ ಸಾಕು.

ಅದೇ ವರ್ಷ ಡೆಮಾಕ್ರಟಿಕ್ ಪಕ್ಷದೊಳಗೆ ಜಗಳ ಬೀದಿಗೆ ಬಂತು. ಬಹುಪಾಲು ಬಿಳಿಯರೇ ಇರುವ ರಾಜ್ಯ ಇಡೀ ದೇಶಕ್ಕೆ ಕನ್ನಡಿ ಹೇಗಾದೀತು ಎಂಬುದು ಹಳೆಯ ತಕರಾರು, ಅದು ನ್ಯಾಯವಾದದ್ದೂ ಹೌದು. ಬೈಡನ್ ಮಾತಿನಂತೆ ಪಕ್ಷ ಮೊದಲ ಸರದಿಯನ್ನು ಸೌತ್ ಕ್ಯಾರೊಲಿನಾಕ್ಕೆ ಕೊಟ್ಟಿತು. ನ್ಯೂ ಹ್ಯಾಂಪ್‌ಶೈರ್ ತನ್ನ ಕಾನೂನು ತೋರಿಸಿ ಜನವರಿ 23ಕ್ಕೇ ಮತದಾನ ನಡೆಸಿತು. ಇದು ಅರ್ಥಹೀನ ಎಂದು ಪಕ್ಷ ಪತ್ರ ಬರೆಯಿತು. ಜನರನ್ನು ದಾರಿತಪ್ಪಿಸಬೇಡಿ ಎಂದು ರಾಜ್ಯದ ಅಟಾರ್ನಿ ಜನರಲ್ ತಿರುಗಿ ಎಚ್ಚರಿಸಿದರು. ಬೈಡನ್ ಹೆಸರು ಕೊಡಲಿಲ್ಲ. ಜನ ಕೈಯಲ್ಲೇ ಬರೆದು ಗೆಲ್ಲಿಸಿದರು.

ಮತದಾನಕ್ಕೆ ಎರಡು ದಿನ ಮುಂಚೆ ಸಾವಿರಾರು ಮನೆಗಳ ಫೋನ್ ರಿಂಗಾಯಿತು. ನಿಮ್ಮ ಮತ ನವೆಂಬರಿನ ಅಧ್ಯಕ್ಷ ಚುನಾವಣೆಗೆ ಉಳಿಸಿಕೊಳ್ಳಿ ಎಂದಿತು ಬೈಡನ್ ದನಿ. ಅದು ಕೃತಕ ಬುದ್ಧಿಮತ್ತೆ ಹುಟ್ಟಿಸಿದ ನಕಲಿ ದನಿ. ಮಾಡಿಸಿದ್ದ ಚುನಾವಣಾ ಸಲಹೆಗಾರನಿಗೆ ಕೇಂದ್ರದ ಸಂಪರ್ಕ ಆಯೋಗ 60 ಲಕ್ಷ ಡಾಲರ್ ದಂಡ ಹಾಕಿತು. ಕ್ರಿಮಿನಲ್ ಕೇಸು ಬೇರೆ. ಅಲ್ಲಿ ಆತನ ಕಡೆಯ ವಾದ ಏನು ಗೊತ್ತೆ? ಪಕ್ಷವೇ ಒಪ್ಪದ ಈ ಪ್ರೈಮರಿ ನಿಜವಾದ ಚುನಾವಣೆಯೇ ಅಲ್ಲ, ಹಾಗಾಗಿ ಮತದಾರರನ್ನು ತಡೆದ ಅಪರಾಧವೂ ಇಲ್ಲ. 2025ರ ಜೂನ್‌ನಲ್ಲಿ ಅದೇ ರಾಜ್ಯದ ಜ್ಯೂರಿ ಆತನನ್ನು ಖುಲಾಸೆ ಮಾಡಿತು.