ಕೋಟೆಯ ನೆತ್ತಿಯ ಬಿಳಿ ಪಟ್ಟಿ: ಲೇಯರ್, ಮಾಸ್ಕ್‌ಗಳು ಬಂದ ದಾರಿ

ಬೇಕಲ ಕೋಟೆಯ ಸೂರ್ಯಾಸ್ತದ ಫೋಟೋಗಳಲ್ಲಿ ಒಂದು ದೋಷ ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತದೆ. ಮುರಕಲ್ಲಿನ ಗೋಡೆ ಆಕಾಶಕ್ಕೆ ತಾಗುವಲ್ಲಿ ಉದ್ದಕ್ಕೂ ಒಂದು ಬೆಳ್ಳನೆಯ ಪಟ್ಟಿ, ಗೋಡೆಯ ಹಿಂದೆ ಯಾರೋ ಟ್ಯೂಬ್‌ಲೈಟ್ ಹಚ್ಚಿಟ್ಟ ಹಾಗೆ. ಎಡಿಟಿಂಗ್‌ನವರು ಇದಕ್ಕೆ ಹೇಲೋ ಅನ್ನುತ್ತಾರೆ. ಹೆಚ್ಚಿನ ಸಲ ಇದರಲ್ಲಿ ಕ್ಯಾಮೆರಾದ ತಪ್ಪೇನೂ ಇರುವುದಿಲ್ಲ. ಆಕಾಶವನ್ನು ಗಾಢ ಮಾಡಲು ಹಾಕಿದ ಮಾಸ್ಕ್ (ತಿದ್ದುಪಡಿ ಎಲ್ಲಿ ತಟ್ಟಬೇಕು, ಎಲ್ಲಿ ಬೇಡ ಎಂದು ಹೇಳುವ ಮರೆ) ಗೋಡೆಯವರೆಗೆ ಬಾರದೆ ನಡುವೆಯೇ ಮಸುಕಾಗಿ ನಿಂತಿದೆ. ಆ ನಡುವಿನ ಆಕಾಶ ಹಳೆಯ ಬೆಳಕಿನಲ್ಲೇ ಉಳಿದುಕೊಂಡಿದೆ, ಅಷ್ಟೆ.

ಈ ತಾಪತ್ರಯ ಕಂಪ್ಯೂಟರ್‌ಗಿಂತ ಹಳೆಯದು. 1850ರ ದಶಕದ, ಕೊಲೋಡಿಯನ್ ಎಂಬ ಅಂಟು ದ್ರಾವಣ ಬಳಿದ ಗಾಜಿನ ನೆಗೆಟಿವ್‌ಗಳು ನೀಲಿ ಬೆಳಕನ್ನು ಅತಿಯಾಗಿ ಹೀರುತ್ತಿದ್ದವು. ಕಡಲಿಗೆ ಸರಿಹೊಂದುವಷ್ಟು ಎಕ್ಸ್‌ಪೋಷರ್ ಕೊಟ್ಟರೆ ಆಕಾಶ ಬರೀ ಬಿಳಿ, ಮೋಡದ ಸುಳಿವೇ ಇಲ್ಲ. ಫ್ರಾನ್ಸಿನ ಗುಸ್ತಾವ್ ಲೆ ಗ್ರೇ ತನ್ನ ಕೆಲವು ಕಡಲ ಚಿತ್ರಗಳಿಗೆ ನೀರಿಗೊಂದು, ಮೋಡಕ್ಕೊಂದು ನೆಗೆಟಿವ್ ಬಳಸಿದ. ಒಂದನ್ನು ಪ್ರಿಂಟ್ ಮಾಡುವಾಗ ಇನ್ನೊಂದರ ಜಾಗವನ್ನು ಮುಚ್ಚಿಟ್ಟು, ದಿಗಂತದ ಗೆರೆಯಲ್ಲಿ ಎರಡನ್ನೂ ಕೂಡಿಸಿದ. ದಿಗಂತ ನೇರ ಗೆರೆಯಾದ್ದರಿಂದ ಬಚಾವಾದ. ಬೇಕಲದಂತೆ ಅಡ್ಡಡ್ಡ ತೆಂಗಿನ ಮರ ಇದ್ದಿದ್ದರೆ ಗೊತ್ತಾಗುತ್ತಿತ್ತು! 1857ರಲ್ಲಿ ಆಸ್ಕರ್ ರೈಲಾಂಡರ್ 30ಕ್ಕೂ ಹೆಚ್ಚು ನೆಗೆಟಿವ್‌ಗಳನ್ನು ಸೇರಿಸಿ ಒಂದೇ ಚಿತ್ರ ಮಾಡಿದ. ಇಂದಿನ ಲೆಕ್ಕದಲ್ಲಿ 30 ಲೇಯರ್‌ನ, ಅಂದರೆ ಒಂದರ ಮೇಲೊಂದು ಇಟ್ಟ 30 ಚಿತ್ರಪದರಗಳ ಫೈಲ್.

ಮಾಸ್ಕ್ ಎಂಬ ಮಾತನ್ನು ‘ಮುಖವಾಡ’ ಎಂದು ತಿಳಿದುಕೊಂಡರೆ ದಾರಿ ತಪ್ಪುತ್ತದೆ. ಪೇಂಟಿನವರು ಬಣ್ಣ ಬಳಿಯುವ ಮೊದಲು ಕಿಟಕಿಯ ಚೌಕಟ್ಟಿಗೆ ಅಂಟಿಸುವ ಟೇಪನ್ನು ನೆನೆಸಿಕೊಳ್ಳಿ: ಎಲ್ಲಿ ಬಣ್ಣ ಬೇಡವೋ ಅಲ್ಲಿ ಮುಚ್ಚುವುದು. ಮುದ್ರಣಾಲಯಗಳಲ್ಲಿ ಈ ಕೆಲಸಕ್ಕೆ ರೂಬಿಲಿತ್ ಎಂಬ ಕೆಂಪು ಹಾಳೆ ಇತ್ತು. ಅಲ್ಲಿನ ಫಿಲ್ಮ್‌ಗೆ ಕೆಂಪು ಬೆಳಕು ಕಾಣದು, ಕೆಲಸಗಾರನ ಕಣ್ಣಿಗೆ ಮಾತ್ರ ಹಾಳೆಯ ಅಡಿಯ ಚಿತ್ರ ಕಾಣುತ್ತಿತ್ತು. ಫೋಟೋಶಾಪ್‌ನಲ್ಲಿ ಇಂದಿಗೂ ಕ್ವಿಕ್ ಮಾಸ್ಕ್ ಕೆಂಪಾಗಿ ಕಾಣುವುದು ಆ ಹಾಳೆಯ ಋಣದಿಂದಲೇ. ‘ಅನ್‌ಶಾರ್ಪ್ ಮಾಸ್ಕ್’ ಎಂಬ ವಿಚಿತ್ರ ಹೆಸರೂ ಡಾರ್ಕ್‌ರೂಮಿನದು. ನೆಗೆಟಿವ್‌ನಿಂದ ಮಸುಕಾದ ಒಂದು ಪಾಸಿಟಿವ್ ಮಾಡಿ, ಎರಡನ್ನೂ ಜೋಡಿಸಿ ಪ್ರಿಂಟ್ ಹಾಕಿದರೆ ಅಂಚುಗಳು ಚುರುಕಾಗುತ್ತಿದ್ದವು.

ಕಂಪ್ಯೂಟರ್‌ಗೆ ಈ ಮುಚ್ಚುವ ಕೆಲಸ ಬಂದದ್ದು 1977ರ ಸುಮಾರಿಗೆ, ಕಂಪ್ಯೂಟರ್ ಗ್ರಾಫಿಕ್ಸ್‌ನ ಎಡ್ ಕ್ಯಾಟ್ಮಲ್ ಮತ್ತು ಆಲ್ವಿ ರೇ ಸ್ಮಿತ್ ನ್ಯೂಯಾರ್ಕ್‌ನಲ್ಲಿ ರೂಪಿಸಿದ ಆಲ್ಫಾ ಚಾನೆಲ್ ಮೂಲಕ. ಕೆಂಪು, ಹಸಿರು, ನೀಲಿಯ ಜೊತೆ ನಾಲ್ಕನೆಯ ಒಂದು ಅಂಕಿ: ಈ ಪಿಕ್ಸೆಲ್ ಎಷ್ಟು ಕಾಣಬೇಕು? ಇಂದಿನ 8 ಬಿಟ್ ಮಾಸ್ಕ್ ಅದೇ. 0 ಎಂದರೆ ಕಪ್ಪು, ಪೂರ್ತಿ ಮರೆ. 255 ಎಂದರೆ ಬಿಳಿ, ಪೂರ್ತಿ ಪ್ರಕಟ. ನಡುವಿನದೆಲ್ಲ ಬೂದು, ಅರೆಬರೆ.

1990ರಲ್ಲಿ ಹೊರಬಂದ ಮೊದಲ ಫೋಟೋಶಾಪ್‌ನಲ್ಲಿ ಲೇಯರ್ ಇರಲಿಲ್ಲ. ತಂದು ಅಂಟಿಸಿದ ತುಂಡಿನ ಸೆಲೆಕ್ಷನ್ ಬಿಟ್ಟ ಕೂಡಲೇ ಅದು ಕೆಳಗಿನ ಚಿತ್ರದಲ್ಲಿ ಕರಗಿಹೋಗುತ್ತಿತ್ತು. ಲೇಯರ್ ಬಂದದ್ದು 1994ರ 3.0 ಆವೃತ್ತಿಯಲ್ಲಿ. ಆದರೂ ಹಿಂದಕ್ಕೆ ಹೋಗಲು ಒಂದೇ ಒಂದು ಅಂಡೂ. ಹತ್ತಾರು ಹೆಜ್ಜೆ ಹಿಂದೆ ಸರಿಯಲು 1998ರ 5.0 ತನಕ ಕಾಯಬೇಕಾಯಿತು. ನನ್ನ ಮಟ್ಟಿಗೆ ನಿಜವಾದ ತಿರುವು ಇವೆರಡರ ನಡುವೆ, 1996ರ 4.0ರಲ್ಲಿ ಬಂದ ಅಡ್ಜಸ್ಟ್‌ಮೆಂಟ್ ಲೇಯರ್. ಯಾಕೆಂದರೆ ಪ್ರಶ್ನೆ ಫೈಲಿನ ತೂಕದ್ದು. 24 ಮೆಗಾಪಿಕ್ಸೆಲ್ ಫೋಟೋದ ಒಂದು ಪೂರ್ಣ ಲೇಯರ್ ಎಂದರೆ 8 ಬಿಟ್‌ನಲ್ಲಿ 72 ಎಂಬಿ, 16 ಬಿಟ್‌ನಲ್ಲಿ 144. ಅಡ್ಜಸ್ಟ್‌ಮೆಂಟ್ ಲೇಯರ್‌ನಲ್ಲಿ ಚಿತ್ರವೇ ಇಲ್ಲ. ಬೆಳಕು ಏರಿಳಿಸುವ ಕರ್ವ್ಸ್ ಸಾಧನದ ನಾಲ್ಕು ಅಂಕಿ, ಜೊತೆಗೊಂದು ಮಾಸ್ಕ್. ಕೆಳಗಿನ ಫೋಟೋದ ಒಂದು ಪಿಕ್ಸೆಲ್ಲೂ ಬದಲಾಗುವುದಿಲ್ಲ. ಉಚಿತ ಸಾಫ್ಟ್‌ವೇರ್ ಗಿಂಪ್‌ನಲ್ಲಿ ಲೇಯರ್ ಮಾಸ್ಕ್ ಬಹಳ ಹಿಂದಿನಿಂದ ಇದ್ದರೂ, ಮತ್ತೆ ತೆರೆದು ತಿದ್ದಬಹುದಾದ ಫಿಲ್ಟರ್‌ಗಳು ಬಂದದ್ದು 2025ರ 3.0ರಲ್ಲಿ.

ಈಗ ಬೇಕಲಕ್ಕೇ ಮರಳೋಣ. ಫೋಟೋಶಾಪ್‌ನಲ್ಲಿ ಆಕಾಶಕ್ಕೆ ಕರ್ವ್ಸ್ ಲೇಯರ್ ಹಾಕಿ ಗಾಢ ಮಾಡಿ. ಕಂಟ್ರೋಲ್+ಐ ಒತ್ತಿದರೆ ಮಾಸ್ಕ್ ಕಪ್ಪಾಗಿ, ಮಾಡಿದ್ದೆಲ್ಲ ಮಾಯ. ಬಿಳಿ ಬ್ರಶ್, ಹಾರ್ಡ್‌ನೆಸ್ (ಅಂಚಿನ ಗಡಸು) 0, ಫ್ಲೋ (ಬಣ್ಣ ಸುರಿಯುವ ಪ್ರಮಾಣ) 10ರಿಂದ 15 ಶೇಕಡ. ತೆರೆದ ಆಕಾಶದಲ್ಲಿ ಧಾರಾಳವಾಗಿ ಬಳಿಯಿರಿ. ಗೋಡೆಯ ಅಂಚಿಗೆ ಬಂದಾಗ ಇದೇ ಮೆತ್ತನೆಯ ಬ್ರಶ್ ಬಳಸಿದರೆ ಹೇಲೋ ಗ್ಯಾರಂಟಿ. ಫೋಟೋದಲ್ಲಿ ಗೋಡೆಯ ಅಂಚು ಎರಡು ಮೂರು ಪಿಕ್ಸೆಲ್‌ನಲ್ಲಿ ಮುಗಿಯುತ್ತದೆ, ಬ್ರಶ್ಶಿನ ಅಂಚು ನೂರಾರು ಪಿಕ್ಸೆಲ್ ಹರಡಿರುತ್ತದೆ. ಮೊದಲು ಗೋಡೆಯ ಮೇಲಿನ ಆಕಾಶವನ್ನು ಸೆಲೆಕ್ಟ್ ಮಾಡಿ, ಫೆದರ್ (ಅಂಚಿನ ಮಸುಕು) 1 ಪಿಕ್ಸೆಲ್ ಮಾತ್ರ ಕೊಟ್ಟು, ಆ ಸೆಲೆಕ್ಷನ್ ಒಳಗೆ ಬಳಿಯಿರಿ.

ಹೊಸಬರ ಸಾಮಾನ್ಯ ಎಡವಟ್ಟೊಂದಿದೆ: ಮಾಸ್ಕ್ ಬದಲು ಫೋಟೋದ ಮೇಲೆಯೇ ಬಿಳಿ ಬಳಿದುಬಿಡುವುದು. ಯಾವ ಥಂಬ್‌ನೇಲ್ ಸುತ್ತ ಚೌಕಟ್ಟು ಇದೆ ನೋಡಿಕೊಳ್ಳಿ. ಆಲ್ಟ್ ಹಿಡಿದು ಮಾಸ್ಕ್ ಮೇಲೆ ಕ್ಲಿಕ್ ಮಾಡಿದರೆ ಮಾಸ್ಕ್ ಮಾತ್ರ ಕಾಣುತ್ತದೆ. ಬಳಿಯಲು ಬಿಟ್ಟುಹೋದ ಬೂದು ಕಲೆಗಳು ಆಗ ಹೊರಬೀಳುತ್ತವೆ.

ತೆಂಗಿನ ಮಡಲಿಗೆ ಬ್ರಶ್ಶೂ ಬೇಡ, ಕೈಯಲ್ಲಿ ಗೆರೆ ಎಳೆದು ಸೆಲೆಕ್ಟ್ ಮಾಡುವ ಲಾಸೋವೂ ಬೇಡ. ಫೋಟೋದ ಕೆಂಪು, ಹಸಿರು, ನೀಲಿ ಚಾನೆಲ್‌ಗಳನ್ನು ಒಂದೊಂದಾಗಿ ನೋಡಿ. ಹಗಲಿನ ನೀಲಿ ಆಕಾಶವಾದರೆ ನೀಲಿ ಚಾನೆಲ್‌ನಲ್ಲಿ ಆಕಾಶ ಬೆಳ್ಳಗೆ, ಮಡಲು ಕಪ್ಪಗೆ. ಸಂಜೆಯ ಕಿತ್ತಳೆ ಆಕಾಶಕ್ಕೆ ಮಾತ್ರ ಕೆಂಪು ಚಾನೆಲ್ಲೇ ಸರಿ. ಅಲ್ಲಿ ನೀಲಿ ಹಿಡಿದವರು ಕೈಸುಟ್ಟುಕೊಳ್ಳುತ್ತಾರೆ. ಆ ಚಾನೆಲ್‌ನ ನಕಲು ಮಾಡಿ, ಲೆವೆಲ್ಸ್‌ನಿಂದ ಕಪ್ಪು ಬಿಳುಪನ್ನು ದೂರ ತಳ್ಳಿ ಮಾಸ್ಕ್ ಮಾಡಿ. ಪೂರ್ತಿ ತಳ್ಳಬೇಡಿ, ಗರಿಯ ಅಂಚಿನಲ್ಲಿ ಸ್ವಲ್ಪ ಬೂದು ಉಳಿಯಲಿ. ಇಲ್ಲದಿದ್ದರೆ ಕತ್ತರಿಯಲ್ಲಿ ಕತ್ತರಿಸಿ ಅಂಟಿಸಿದ ಹಾಗೆ ಕಾಣುತ್ತದೆ.

ತೆಂಕುತಿಟ್ಟು ಯಕ್ಷಗಾನದ ಬಣ್ಣದ ವೇಷದ ಫೋಟೋ ಇನ್ನೊಂದು ಪರೀಕ್ಷೆ. ಮುಖದ ಕಪ್ಪು ಕೆಂಪು ಬರೆಗಳು ಕಾಣಲೆಂದು ಬೆಳಕು ಏರಿಸಿದರೆ, ಮುಖಕ್ಕೆ ಇಟ್ಟ ಅಕ್ಕಿಹಿಟ್ಟಿನ ಚುಟ್ಟಿಯ ಮುಳ್ಳುಗಳೆಲ್ಲ ಒಂದೇ ಬಿಳಿ ಮುದ್ದೆ. ಆ ಮುಳ್ಳುಗಳ ಸುತ್ತ ಕೈಯಲ್ಲಿ ಮಾಸ್ಕ್ ಬಳಿಯುವುದು ಆಗಹೋಗುವ ಮಾತಲ್ಲ. ಫೋಟೋದ ಬೆಳಕನ್ನೇ ಮಾಸ್ಕ್ ಮಾಡಬೇಕು: ಕಂಟ್ರೋಲ್+ಆಲ್ಟ್+2 ಒತ್ತಿದರೆ ಬೆಳಕಿನ ಭಾಗ ಸೆಲೆಕ್ಟ್ ಆಗುತ್ತದೆ, ಕಂಟ್ರೋಲ್+ಶಿಫ್ಟ್+ಐ ಒತ್ತಿ ತಿರುಗಿಸಿ, ಆಮೇಲೆ ಕರ್ವ್ಸ್ ಲೇಯರ್ ಹಾಕಿ. ಮಾಸ್ಕ್‌ನಲ್ಲಿ ಚುಟ್ಟಿ ತಾನಾಗಿ ಕಪ್ಪಾಗಿರುತ್ತದೆ. ಎಷ್ಟೇ ಬೆಳಕು ಏರಿಸಿದರೂ ಅದಕ್ಕೆ ಅಷ್ಟಾಗಿ ತಟ್ಟುವುದಿಲ್ಲ.

2021ರಿಂದ ಲೈಟ್‌ರೂಮ್ ಎಂಬ ಎಡಿಟಿಂಗ್ ಸಾಫ್ಟ್‌ವೇರ್‌ನಲ್ಲಿ ಆಕಾಶವನ್ನೋ ವ್ಯಕ್ತಿಯನ್ನೋ ಒಂದೇ ಕ್ಲಿಕ್‌ಗೆ ಮಾಸ್ಕ್ ಮಾಡಬಹುದು, ಫೋನ್‌ಗಳಲ್ಲೂ ಇದೆ. ಗೋಡೆ, ದಿಗಂತಕ್ಕೆ ಒಳ್ಳೆಯದೇ. ಮಡಲಿನ ಸಂದುಗಳಲ್ಲಿ ಮಾತ್ರ ಹಳೆಯ ಆಕಾಶದ ಚೂರುಗಳನ್ನು ಬಿಟ್ಟುಬಿಡುತ್ತದೆ, ಕಿರೀಟದ ತುದಿಯನ್ನು ಹಿನ್ನೆಲೆಗೆ ಸೇರಿಸುವುದೂ ಉಂಟು. ಅಲ್ಲಿಂದ ಮುಂದೆ ಬ್ರಶ್ಶೇ ಗತಿ.

ಉಳಿಸುವಾಗ ಪಿಎಸ್‌ಡಿ ಅಥವಾ ಟಿಫ್, ಗಿಂಪ್ ಆದರೆ ಎಕ್ಸ್‌ಸಿಎಫ್. ಜೆಪೆಗ್‌ನಲ್ಲಿ ಲೇಯರ್‌ಗೆ ಜಾಗವಿಲ್ಲ. ಲ್ಯಾಬ್‌ಗೆ ಕಳಿಸಲು ಬೇರೆ ನಕಲು ತೆಗೆಯಿರಿ. ಕಳಿಸುವ ಮೊದಲು 100 ಶೇಕಡ ಜೂಮ್‌ನಲ್ಲಿ ಅಂಚನ್ನು ನೋಡಿ. 6000 ಪಿಕ್ಸೆಲ್ ಅಗಲದ ಫೋಟೋದಲ್ಲಿ 10 ಪಿಕ್ಸೆಲ್‌ನ ಹೇಲೋ 1080 ಪಿಕ್ಸೆಲ್‌ನ ಫೋನ್ ಪರದೆಯಲ್ಲಿ ಎರಡು ಪಿಕ್ಸೆಲ್ಲೂ ಇರುವುದಿಲ್ಲ, ಯಾರಿಗೂ ಕಾಣದು. ಅದೇ ಫೋಟೋ ಮದುವೆ ಆಲ್ಬಮ್‌ನ 12×36 ಇಂಚಿನ ಹಾಳೆಯುದ್ದಕ್ಕೂ ಹರಡಿದರೆ ಆ ಪಟ್ಟಿ ಒಂದೂವರೆ ಮಿಲಿಮೀಟರ್ ದಪ್ಪಕ್ಕೆ ಬಂದು ಕೂರುತ್ತದೆ.