ಅಣಬೆಯ ಫೋಟೋದಲ್ಲಿ ಬುಡ ಎಲ್ಲಿ?

ಹೋದ ಮಳೆಗಾಲ ಮಣಿಪಾಲದ ಮಣ್ಣಪಳ್ಳದ ಸುತ್ತ 40 ಅಣಬೆಗಳ ಫೋಟೋ ತೆಗೆದೆ. ಎಲ್ಲವೂ ಮೇಲಿಂದ. ಪಕ್ಕದ ಮನೆಯ ಅಜ್ಜಿ ನೋಡಿ, “ಬರೀ ಕೊಡೆ ಉಂಟಲ್ಲ ಮಾರಾಯ, ಬುಡ ಎಲ್ಲಿ?” ಎಂದರು. ಅಲ್ಲಿಗೆ ನನ್ನ ಕಲಿಕೆ ಶುರುವಾಯಿತು.

ಟೊಪ್ಪಿಯ ಬಣ್ಣವನ್ನು ಜಾಸ್ತಿ ನಂಬಬೇಡಿ. ನಮ್ಮ ಮಳೆಗೆ ಮೇಲಿನ ಹುರುಪೆ ತೊಳೆದು ಹೋಗುತ್ತದೆ, ಬಿಸಿಲಿಗೆ ಬಣ್ಣ ಮಾಸುತ್ತದೆ. ಬುಡ ಹಾಗಲ್ಲ. ಹುತ್ತದ ಅಣಬೆ, ಅಂದರೆ ಟರ್ಮಿಟೋಮೈಸಿಸ್‌ನ ದೊಡ್ಡ ಜಾತಿಗಳ ಕಾಂಡ ಬೇರಿನ ಹಾಗೆ ಮಣ್ಣೊಳಗೆ ಇಳಿದು ಗೆದ್ದಲಿನ ಗೂಡು ಮುಟ್ಟುತ್ತದೆ. ಅಮಾನಿಟಾದಲ್ಲಿ ಹಲವು ಜಾತಿಗಳ ಬುಡಕ್ಕೆ ಚೀಲ ಇರುತ್ತದೆ. ಈ ಕುಲದಲ್ಲೇ ಜೀವ ತೆಗೆಯುವ ಅಣಬೆಗಳೂ ಇವೆ. ಸುಮ್ನೆ ಕಿತ್ತರೆ ಆ ಚೀಲ ಮಣ್ಣಲ್ಲೇ ಉಳಿಯುತ್ತದೆ, ಆಮೇಲೆ ಎರಡೂ ಬಿಳಿ ಕೊಡೆಗಳೇ! ಹಾಗಾಗಿ ಚಾಕುವಿನಿಂದ ಸುತ್ತಲಿನ ಮಣ್ಣು ಬಿಡಿಸಿ, ಬುಡ ಸಮೇತ ಎತ್ತಿ.

ಇನ್ನೊಂದು ಗುರುತು ಬೀಜಕಗಳ, ಅಂದರೆ ಟೊಪ್ಪಿಯ ಅಡಿಯ ಪದರಗಳಿಂದ ಉದುರುವ ಪುಡಿಯ ಬಣ್ಣ. ಕಾಂಡ ಕತ್ತರಿಸಿ, ಟೊಪ್ಪಿಯನ್ನು ಪದರಗಳು ಕೆಳಗೆ ಬರುವಂತೆ ಕಾಗದದ ಮೇಲಿಟ್ಟು, ಲೋಟ ಮುಚ್ಚಿ ರಾತ್ರಿಯಿಡೀ ಬಿಡಿ. ಕಾಗದದ ಅರ್ಧ ಬಿಳಿ, ಅರ್ಧ ಕಪ್ಪು ಇರಲಿ. ಇಲ್ಲದಿದ್ದರೆ ಅಮಾನಿಟಾದ ಬಿಳಿ ಪುಡಿ ಕಾಣುವುದೇ ಇಲ್ಲ. ಹುತ್ತದ ಅಣಬೆಯದ್ದು ನಸುಗುಲಾಬಿ. ಹುಲ್ಲುಹಾಸಿನಲ್ಲಿ ಏಳುವ, ಕಂದು ಹುರುಪೆಯ ಕ್ಲೋರೋಫಿಲ್ಲಮ್ ಮೊಲಿಬ್ಡೈಟಿಸ್‌ನದ್ದು ಹಸಿರು. ತಿಂದವರಿಗೆ ವಾಂತಿ, ಭೇದಿ ಗ್ಯಾರಂಟಿ ಎನ್ನಬಹುದು.

ಮೊದಲ ಮಳೆಗೆ ಕಾರ್ಕಳ, ಮೂಡುಬಿದಿರೆ ಕಡೆ ಮಾರಾಟಕ್ಕೆ ಬರುವ ಕಲ್ಲಣಬೆಗೆ ಈ ಪಾಠ ನಡೆಯದು. ಅದಕ್ಕೆ ಕೊಡೆಯೂ ಇಲ್ಲ, ಪದರವೂ ಇಲ್ಲ. ಮುರಕಲ್ಲಿನ ಮಣ್ಣಲ್ಲಿ ಗೋಲಿಯ ಹಾಗೆ ಕೂತಿರುತ್ತದೆ. ಎಳೆಯದನ್ನು ಕೊಯ್ದರೆ ಒಳಗೆ ಒಂದೇ ಸಮ ಬಿಳಿ. ಅದೇ ಗಾತ್ರದ ಅಮಾನಿಟಾ ಮೊಟ್ಟೆಯನ್ನು, ಅಂದರೆ ಇನ್ನೂ ಅರಳದ ಎಳೆ ಅಣಬೆಯನ್ನು, ಉದ್ದಕ್ಕೆ ಸೀಳಿದರೆ, ಒಳಗೆ ಪುಟ್ಟ ಅಣಬೆಯ ಆಕಾರ ಕಾಣುತ್ತದೆ. ಆ ಸೀಳಿನ ಫೋಟೋ ತಪ್ಪಿಸಬೇಡಿ.

ಮೊಬೈಲನ್ನು ತಲೆಕೆಳಗೆ ಹಿಡಿಯಿರಿ, ಲೆನ್ಸ್ ನೆಲಕ್ಕೆ ಹತ್ತಿರವಾಗುತ್ತದೆ. ಫ್ಲ್ಯಾಶ್ ಬೇಡ, ಒದ್ದೆ ಟೊಪ್ಪಿ ಬರೀ ಹೊಳೆಯುತ್ತದೆ. ಬಿಸಿಲು ಚುರುಕಾಗಿದ್ದರೆ ಕೊಡೆ ಅಡ್ಡ ಹಿಡಿಯಿರಿ. ಅಳತೆಗೆ ಪಕ್ಕದಲ್ಲೊಂದು ಹತ್ತು ರೂಪಾಯಿ ನಾಣ್ಯ, ಅದರ ಅಗಲ 27 ಮಿಲಿಮೀಟರ್. ಮೊದಲು ಜಾಗ ಮತ್ತು ಹತ್ತಿರದ ಮರ, ಆಮೇಲೆ ಬದಿ, ಕೆಳಭಾಗ, ಬುಡ. ಲೆನ್ಸಿಗೆ ಹಬೆ ಹಿಡಿದೀತು, ಬೈರಾಸು ಜೊತೆಗಿರಲಿ.

ಇಷ್ಟೆಲ್ಲ ಮಾಡಿದರೂ ಫೋಟೋ ನೋಡಿ ಪದಾರ್ಥ ಮಾಡಬೇಡಿ. ಮಾರಕ ಅಮಾನಿಟಾದ ವಿಷ ಬೇಯಿಸಿದರೂ ಹೋಗದು. ವಾಂತಿ ಶುರುವಾಗಲು ಸಾಮಾನ್ಯವಾಗಿ 6 ಗಂಟೆಗಿಂತ ಜಾಸ್ತಿ ಬೇಕು. ನಡುವೆ ಆರಾಮ ಅನ್ನಿಸಿದರೂ ಒಳಗೆ ಯಕೃತ್ತು ಕೆಡುತ್ತಿರುತ್ತದೆ. ಹುಳ ತಿಂದ ಅಣಬೆ ಮನುಷ್ಯರಿಗೂ ಆಗುತ್ತದೆ ಎಂಬ ಮಾತು ಸುಳ್ಳು.

ನನ್ನ ಆ 40 ಫೋಟೋಗಳು ಈಗಲೂ ‘ಬಿಳಿ ಕೊಡೆ’ ಎಂಬ ಫೋಲ್ಡರಿನಲ್ಲೇ ಇವೆ.