ಹುಡುಗಿಯರ ಕಾಲೇಜು ಬಾಸ್ಕೆಟ್‌ಬಾಲ್: ಜನ ನೋಡಲಿಲ್ಲವೋ, ನೋಡಲು ಬಿಡಲಿಲ್ಲವೋ?

2024ರ ಏಪ್ರಿಲ್ 7ರಂದು ಅಮೆರಿಕದ ಕ್ಲೀವ್‌ಲ್ಯಾಂಡ್‌ನಲ್ಲಿ ಸೌತ್ ಕ್ಯಾರೊಲಿನಾ ಹುಡುಗಿಯರು ಅಯೋವಾ ತಂಡವನ್ನು 87–75ರಿಂದ ಸೋಲಿಸಿ ಕಾಲೇಜು ಬಾಸ್ಕೆಟ್‌ಬಾಲ್ ಚಾಂಪಿಯನ್ ಆದರು. ಟಿವಿಯಲ್ಲಿ ಆ ಫೈನಲ್ ನೋಡಿದವರು ಸರಾಸರಿ 1.89 ಕೋಟಿ ಜನ. ಮರುದಿನದ ಹುಡುಗರ ಫೈನಲ್‌ಗೆ ಸಿಕ್ಕಿದ್ದು 1.48 ಕೋಟಿ. ಹುಡುಗರ ಪಂದ್ಯ ಕೇಬಲ್ ಚಾನೆಲ್‌ಗಳಲ್ಲಿ ಬಂತು, ಹುಡುಗಿಯರದು ಎಲ್ಲರ ಮನೆಗೂ ಸಿಗುವ ಎಬಿಸಿಯಲ್ಲಿ. ಆ ವ್ಯತ್ಯಾಸವನ್ನೂ ಲೆಕ್ಕಕ್ಕೆ ಹಿಡಿಯಬೇಕು. ಹಾಗೆ ಹಿಡಿದರೂ ಇದು ಸಣ್ಣ ಮಾತಲ್ಲ.

ಎಲ್ಲ ಅಯೋವಾದ ಕೇಟ್ಲಿನ್ ಕ್ಲಾರ್ಕ್ ಅವರಿಂದಲೇ ಆಗಿದ್ದು ಅಂತ ಆಗ ತುಂಬಾ ಜನ ಹೇಳಿದರು. ಕ್ಲಾರ್ಕ್ ದೊಡ್ಡ ಆಟಗಾರ್ತಿ, ಎರಡು ಮಾತಿಲ್ಲ. ಆದರೆ ಒಬ್ಬರು ಬಂದು ಆಡಿದ ತಕ್ಷಣ ಎಲ್ಲಿಂದಲೋ ಜನ ಹುಟ್ಟಿಕೊಂಡರು ಅನ್ನುವುದನ್ನು ನಾನು ಒಪ್ಪುವುದಿಲ್ಲ. ಈ ಟೂರ್ನಿಯ ಹಿಂದಿನ ಕತೆ ನೋಡಿದರೆ ನಿಮಗೂ ಹಾಗೇ ಅನಿಸಬಹುದು.

ಬಾಸ್ಕೆಟ್‌ಬಾಲ್ ಹುಟ್ಟಿದ್ದು 1891ರಲ್ಲಿ. ಮರುವರ್ಷವೇ ಸ್ಮಿತ್ ಕಾಲೇಜಿನ ಟೀಚರ್ ಸೆಂಡಾ ಬೆರೆನ್ಸನ್ ಅದನ್ನು ತಮ್ಮ ಹುಡುಗಿಯರಿಗೆ ಕಲಿಸಿದರು. ಅಂದರೆ ಹುಡುಗಿಯರು ಈ ಆಟಕ್ಕೆ ಆಮೇಲೆ ಬಂದು ಸೇರಿಕೊಂಡವರಲ್ಲ, ಹೆಚ್ಚುಕಡಿಮೆ ಮೊದಲಿಂದಲೂ ಇದ್ದವರು. ಆದರೆ ಹುಡುಗಿಯರಿಗೆ ಜಾಸ್ತಿ ಓಟ ಒಳ್ಳೆಯದಲ್ಲ ಅನ್ನುವ ನಂಬಿಕೆಯಿಂದ ಅಂಗಳವನ್ನೇ ಭಾಗ ಮಾಡಿದರು, ಇವರು ಈ ಗೆರೆ ದಾಟಬಾರದು, ಅವರು ಆ ಗೆರೆ ದಾಟಬಾರದು ಅಂತ. ಐದೈದು ಜನ ಇಡೀ ಅಂಗಳ ಓಡಾಡಿ ಆಡುವ ನಿಯಮ ಕಾಲೇಜು ಹುಡುಗಿಯರಿಗೆ ಪೂರ್ತಿಯಾಗಿ ಬಂದಿದ್ದು 1971ರಲ್ಲಿ.

ರಾಷ್ಟ್ರಮಟ್ಟದ ಟೂರ್ನಿಯನ್ನು ಮೊದಲು ಮಾಡಿ ತೋರಿಸಿದ್ದು ಪೆನ್ಸಿಲ್ವೇನಿಯಾದ ವೆಸ್ಟ್ ಚೆಸ್ಟರ್ ಕಾಲೇಜಿನ ಕೋಚ್ ಕ್ಯಾರಲ್ ಎಕ್ಮನ್, 1969ರಲ್ಲಿ. 16 ತಂಡಗಳನ್ನು ಕರೆಸಿದರು, ಗೆದ್ದಿದ್ದೂ ಅವರ ತಂಡವೇ. 1971ರಲ್ಲಿ ಕಾಲೇಜುಗಳ ದೈಹಿಕ ಶಿಕ್ಷಣದ ಟೀಚರಮ್ಮಂದಿರು ಸೇರಿ ಹುಡುಗಿಯರ ಕಾಲೇಜು ಕ್ರೀಡೆ ನಡೆಸಲು ಎಐಎಡಬ್ಲ್ಯೂ ಅನ್ನುವ ಸಂಸ್ಥೆ ಕಟ್ಟಿದರು. ನಿಯಮ ಅವರದು, ಆಡಳಿತ ಅವರದು. 1972ರಲ್ಲಿ ಅದರ ಮೊದಲ ಬಾಸ್ಕೆಟ್‌ಬಾಲ್ ಟೂರ್ನಿ ನಡೆಯಿತು.

ಅದನ್ನು ಗೆದ್ದ ತಂಡದ ವಿಷಯ ಸ್ವಲ್ಪ ಹೇಳಲೇಬೇಕು. ಇಮ್ಯಾಕ್ಯುಲೇಟಾ ಅನ್ನುವುದು ಫಿಲಡೆಲ್ಫಿಯಾ ಹತ್ತಿರದ ಒಂದು ಪುಟ್ಟ ಕಾಲೇಜು, ಕ್ಯಾಥೊಲಿಕ್ ಸನ್ಯಾಸಿನಿಯರು ನಡೆಸುತ್ತಿದ್ದರು. ಅವರ ಜಿಮ್ ಕೆಲವು ವರ್ಷ ಮುಂಚೆಯೇ ಸುಟ್ಟುಹೋಗಿತ್ತು. ಕೋಚ್ ಕ್ಯಾಥಿ ರಶ್ ಸೇರಿಕೊಂಡಾಗ ಅವರಿಗೆ ಒಂದು ಸೀಸನ್‌ಗೆ ಕೊಟ್ಟ ಸಂಬಳ 450 ಡಾಲರ್. ಆಟಗಾರ್ತಿಯರ ಸಮವಸ್ತ್ರ ಉಣ್ಣೆಯ ಟ್ಯೂನಿಕ್, ಅದರಲ್ಲೇ ಓಡಬೇಕು. ಟೂರ್ನಿಗೆ ಇಲಿನಾಯ್‌ಗೆ ಹೋಗಲು ದುಡ್ಡಿಲ್ಲ, ಹುಡುಗಿಯರು ಹಲ್ಲುಜ್ಜುವ ಬ್ರಷ್ ಮಾರಿದರು. ಅಷ್ಟಾದರೂ ಎಂಟು ಆಟಗಾರ್ತಿಯರಿಗೆ ಮಾತ್ರ ಖರ್ಚು ಸಾಲಿತು, ಉಳಿದವರು ಊರಲ್ಲೇ ಉಳಿದರು. 16 ತಂಡಗಳ ಪಟ್ಟಿಯಲ್ಲಿ ಅವರದು 15ನೇ ಸ್ಥಾನ. ಫೈನಲ್‌ನಲ್ಲಿ ಎದುರು ಸಿಕ್ಕಿದ್ದು ಕೆಲವೇ ದಿನ ಮುಂಚೆ ಇವರನ್ನು 32 ಪಾಯಿಂಟ್‌ಗಳಿಂದ ಸೋಲಿಸಿದ್ದ ವೆಸ್ಟ್ ಚೆಸ್ಟರ್. ಈ ಸಲ 52–48ರಿಂದ ಇಮ್ಯಾಕ್ಯುಲೇಟಾ ಗೆದ್ದಿತು. 1973, 1974ರಲ್ಲೂ ಅವರೇ ಗೆದ್ದರು. ಪಂದ್ಯಗಳಲ್ಲಿ ಸನ್ಯಾಸಿನಿಯರು ಗ್ಯಾಲರಿಯಲ್ಲಿ ಕೂತು ಬಕೆಟ್ ಬಡಿದು ಹುರಿದುಂಬಿಸುತ್ತಿದ್ದರು. 1975ರ ಫೆಬ್ರವರಿಯಲ್ಲಿ ಈ ತಂಡ ನ್ಯೂಯಾರ್ಕ್‌ನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಕ್ವೀನ್ಸ್ ಕಾಲೇಜಿನ ಮೇಲೆ ಆಡಿತು, ಸುಮಾರು 12,000 ಜನ ಬಂದಿದ್ದರು. 1975ರಲ್ಲೇ 12,000! ಆಸಕ್ತಿಯೇ ಇರಲಿಲ್ಲ ಅನ್ನುವವರು ಇದಕ್ಕೆ ಏನು ಹೇಳುತ್ತಾರೋ.

ಈ ನಡುವೆ 1972ರ ಜೂನ್‌ನಲ್ಲಿ ಟೈಟಲ್ ನೈನ್ ಕಾನೂನು ಬಂತು. ಸರ್ಕಾರದ ದುಡ್ಡು ಪಡೆಯುವ ಶಾಲೆ ಕಾಲೇಜುಗಳು ಹೆಣ್ಣು ಗಂಡು ಅಂತ ಭೇದ ಮಾಡುವ ಹಾಗಿಲ್ಲ. ಕಾನೂನಿನಲ್ಲಿ ಕ್ರೀಡೆಯ ಮಾತೇ ಇಲ್ಲ, ಆದರೆ ಕ್ರೀಡೆಗೂ ಅದು ತಾಗುತ್ತದೆ ಅಂತ ಗೊತ್ತಾದ ಕೂಡಲೇ ಹುಡುಗರ ಕಾಲೇಜು ಕ್ರೀಡೆ ನಡೆಸುತ್ತಿದ್ದ ಎನ್‌ಸಿಎಎ ಅದರ ವಿರುದ್ಧ ನಿಂತಿತು. ಆದಾಯ ತರುವ ಆಟಗಳನ್ನು ಕಾನೂನಿನಿಂದ ಹೊರಗಿಡಿ ಅಂತ ಲಾಬಿ ಮಾಡಿತು. ನಡೆಯಲಿಲ್ಲ. ಆಮೇಲೆ ಅದೇ ಎನ್‌ಸಿಎಎ 1981ರಲ್ಲಿ ಮತ ಹಾಕಿಸಿ, ಹುಡುಗಿಯರ ಟೂರ್ನಿಯನ್ನೂ ನಾವೇ ನಡೆಸುತ್ತೇವೆ ಅಂತ ತೀರ್ಮಾನಿಸಿತು. ಮತ ತೀರಾ ಹತ್ತಿರದಲ್ಲಿತ್ತು.

1982ರ ಮಾರ್ಚ್‌ನಲ್ಲಿ ಎರಡು ಟೂರ್ನಿ ನಡೆದವು. ಫಿಲಡೆಲ್ಫಿಯಾದಲ್ಲಿ ಎಐಎಡಬ್ಲ್ಯೂ ಫೈನಲ್, ರಟ್ಗರ್ಸ್ ಟೆಕ್ಸಾಸನ್ನು ಸೋಲಿಸಿತು. ವರ್ಜೀನಿಯಾದ ನಾರ್ಫೋಕ್‌ನಲ್ಲಿ ಎನ್‌ಸಿಎಎಯ ಮೊದಲ ಫೈನಲ್, ಲೂಸಿಯಾನಾ ಟೆಕ್ 76–62ರಿಂದ ಚೇನಿ ಸ್ಟೇಟ್ ಮೇಲೆ ಗೆದ್ದಿತು. ಚೇನಿ ಕಪ್ಪುಜನರಿಗಾಗಿ ಕಟ್ಟಿದ ಸಣ್ಣ ಕಾಲೇಜು, ಕೋಚ್ ವಿವಿಯನ್ ಸ್ಟ್ರಿಂಗರ್. ಎನ್‌ಸಿಎಎ ತಂಡಗಳ ಪ್ರಯಾಣದ ಖರ್ಚು ಕೊಟ್ಟಿತು, ಟಿವಿ ಅದರ ಕೈಯಲ್ಲಿತ್ತು. ಎಐಎಡಬ್ಲ್ಯೂ ಹತ್ತಿರ ಅಷ್ಟು ದುಡ್ಡಿರಲಿಲ್ಲ. ಅದೇ ವರ್ಷ ಬಾಗಿಲು ಹಾಕಿತು, ಕೋರ್ಟಿಗೂ ಹೋಗಿ ಸೋತಿತು. ಎನ್‌ಸಿಎಎ ಬಂದಿದ್ದರಿಂದ ಹುಡುಗಿಯರಿಗೆ ಅನುಕೂಲ ಆಗಲಿಲ್ಲ ಅಂತ ನಾನು ಹೇಳುತ್ತಿಲ್ಲ, ಖಂಡಿತ ಆಯಿತು. ಆದರೆ ಹೆಂಗಸರೇ ಕಟ್ಟಿ ಬೆಳೆಸಿದ್ದರ ಲಗಾಮು ಅವರ ಕೈತಪ್ಪಿತು. 1972ರಲ್ಲಿ ಹುಡುಗಿಯರ ಕಾಲೇಜು ತಂಡಗಳ ಕೋಚ್‌ಗಳಲ್ಲಿ ಶೇ 90ಕ್ಕೂ ಹೆಚ್ಚು ಹೆಂಗಸರೇ ಇದ್ದರು. ಇವತ್ತು ಅರ್ಧಕ್ಕಿಂತ ಕಡಿಮೆ.

ಆಮೇಲಿನ ದಶಕಗಳು ಆಟ ನೋಡುವವರಿಗೆ ಗೊತ್ತೇ ಇವೆ. ಪ್ಯಾಟ್ ಸಮಿಟ್ ಕೈಕೆಳಗೆ ಟೆನೆಸ್ಸಿಗೆ 8 ಪ್ರಶಸ್ತಿ, ಜೀನೊ ಆರಿಯೆಮಾ ಕೈಕೆಳಗೆ ಕನೆಕ್ಟಿಕಟ್‌ಗೆ 2025ರದ್ದೂ ಸೇರಿ 12. 1982ರಲ್ಲಿ 32 ಇದ್ದ ತಂಡಗಳು 1994ಕ್ಕೆ 64 ಆದವು.

ಅಷ್ಟು ಬೆಳೆದ ಮೇಲೂ 2021ರಲ್ಲಿ ಏನಾಯಿತು ನೋಡಿ. ಕೋವಿಡ್ ಕಾಲ, ಹುಡುಗರ ಟೂರ್ನಿ ಇಂಡಿಯಾನಾಪೊಲಿಸ್ ಸುತ್ತಮುತ್ತ, ಹುಡುಗಿಯರದು ಸ್ಯಾನ್ ಆಂಟೋನಿಯೊ ಸುತ್ತಮುತ್ತ. ಒರೆಗಾನ್ ತಂಡದ ಸೆಡೋನಾ ಪ್ರಿನ್ಸ್ ಫೋನಿನಲ್ಲಿ ಒಂದು ವಿಡಿಯೊ ಮಾಡಿದರು. ಹುಡುಗರಿಗೆ ಹಾಲ್ ತುಂಬಾ ವ್ಯಾಯಾಮದ ಸಲಕರಣೆ. ಹುಡುಗಿಯರಿಗೆ ಡಂಬೆಲ್‌ಗಳ ಒಂದೇ ಒಂದು ಸ್ಟ್ಯಾಂಡ್. ಜಾಗ ಇರಲಿಲ್ಲ ಅನ್ನುವ ಸಮಜಾಯಿಷಿ ಬಂದಿತ್ತು. ಪ್ರಿನ್ಸ್ ಕ್ಯಾಮೆರಾ ತಿರುಗಿಸಿದರು, ಖಾಲಿ ನೆಲ ಎಷ್ಟು ಬೇಕೋ ಅಷ್ಟು ಬಿದ್ದಿತ್ತು. ಕೋವಿಡ್ ಪರೀಕ್ಷೆಯಲ್ಲೂ ಭೇದ, ಹುಡುಗರಿಗೆ ದಿನಾ ಪಿಸಿಆರ್, ಹುಡುಗಿಯರಿಗೆ ದಿನಾ ಆ್ಯಂಟಿಜೆನ್.

ಗಲಾಟೆ ಆಗಿ, ವಕೀಲರ ತಂಡವೊಂದು ತನಿಖೆ ಮಾಡಿದ ಮೇಲೆ ಹೊರಬಂದಿದ್ದು ಇನ್ನೂ ದೊಡ್ಡದು. ‘ಮಾರ್ಚ್ ಮ್ಯಾಡ್‌ನೆಸ್’ ಅನ್ನುವ ಜನಪ್ರಿಯ ಹೆಸರನ್ನು ಹುಡುಗರ ಟೂರ್ನಿಗೆ ಮಾತ್ರ ಬಳಸುತ್ತಿದ್ದರು. ಹುಡುಗಿಯರ ಟೂರ್ನಿಯ ಪ್ರಸಾರ ಹಕ್ಕನ್ನು ಬೇರೆ 28 ಚಾಂಪಿಯನ್‌ಶಿಪ್‌ಗಳ ಜೊತೆ ಒಂದೇ ಗಂಟು ಕಟ್ಟಿ ವರ್ಷಕ್ಕೆ ಸುಮಾರು 3.4 ಕೋಟಿ ಡಾಲರ್‌ಗೆ ಇಎಸ್‌ಪಿಎನ್‌ಗೆ ಮಾರಿದ್ದರು. ಈ ಒಂದು ಟೂರ್ನಿಯೇ 2025ಕ್ಕೆ ವರ್ಷಕ್ಕೆ 8.1 ಕೋಟಿಯಿಂದ 11.2 ಕೋಟಿ ಡಾಲರ್ ಬಾಳಬಹುದು ಅಂತ ಆ ವರದಿ ಅಂದಾಜು ಮಾಡಿತು. ಬೆಲೆಯೇ ಕಟ್ಟದೆ ಕೊಟ್ಟುಬಿಟ್ಟು, ಆಮೇಲೆ ಇದರಿಂದ ಆದಾಯ ಇಲ್ಲ ಅನ್ನುವುದು ಯಾವ ನ್ಯಾಯ?

2022ರಿಂದ ‘ಮಾರ್ಚ್ ಮ್ಯಾಡ್‌ನೆಸ್’ ಹೆಸರು ಹುಡುಗಿಯರ ಟೂರ್ನಿಗೂ ಸಿಕ್ಕಿತು, ತಂಡಗಳು ಹುಡುಗರ ಟೂರ್ನಿಯ ಹಾಗೇ 68 ಆದವು. 2024ರಲ್ಲಿ ಇಎಸ್‌ಪಿಎನ್ ಜೊತೆ 8 ವರ್ಷಕ್ಕೆ 92 ಕೋಟಿ ಡಾಲರ್‌ನ ಹೊಸ ಒಪ್ಪಂದ ಆಯಿತು. ಅದರಲ್ಲಿ ಈ ಟೂರ್ನಿಯ ಪಾಲನ್ನು ವರ್ಷಕ್ಕೆ 6.5 ಕೋಟಿ ಅಂತ ಲೆಕ್ಕ ಹಾಕಿದರು. ಮತ್ತೆ ಇತರ ಆಟಗಳ ಜೊತೆ ಗಂಟು ಕಟ್ಟಿಯೇ ಮಾರಿದ್ದು ನನಗೆ ಈಗಲೂ ಸರಿ ಕಾಣುವುದಿಲ್ಲ.

ಇನ್ನೊಂದು ಹಳೆಯ ಬಾಕಿ ತೀರಲು ಶುರುವಾಗಿದ್ದು 2025ರಲ್ಲಿ. ಹುಡುಗರ ಟೂರ್ನಿಯಲ್ಲಿ ಒಂದು ತಂಡ ಗೆದ್ದು ಮುಂದೆ ಹೋದಷ್ಟೂ ಅದರ ಕಾನ್ಫರೆನ್ಸ್‌ಗೆ, ಅಂದರೆ ಆ ಕಾಲೇಜು ಸೇರಿರುವ ಕಾಲೇಜುಗಳ ಗುಂಪಿಗೆ, ದುಡ್ಡು ಬರುತ್ತದೆ. ಈ ಪದ್ಧತಿ 1991ರಿಂದ ಇದೆ. ಆದರೆ ಹುಡುಗಿಯರು ಗೆದ್ದರೆ ಇಷ್ಟು ವರ್ಷ ಏನೂ ಬರುತ್ತಿರಲಿಲ್ಲ, ಹಾಗಾಗಿ ಆ ತಂಡದ ಮೇಲೆ ಖರ್ಚು ಮಾಡಲು ಕಾಲೇಜುಗಳಿಗೆ ಕಾರಣವೂ ಕಡಿಮೆ ಇತ್ತು. 2025ರಲ್ಲಿ ಮೊದಲ ಸಲ ಅದಕ್ಕೆ ಅಂತ 1.5 ಕೋಟಿ ಡಾಲರ್ ಇಟ್ಟರು, ಮೂರನೇ ವರ್ಷಕ್ಕೆ 2.5 ಕೋಟಿಗೆ ಏರಿಸುವುದಾಗಿ ಹೇಳಿದ್ದಾರೆ.